ಜೂಜುವಾಡಿಯ ಆಚೆ, ಜೂಜುವಾಡಿಯ ಈಚೆ

ಹೊಸೂರಿನಿಂದ ಮತ್ತಿಗಿರಿಗೆ ಬರುವ ಸಾಮಾನ್ಯ ದರದ ಟೌನ್ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡುವುದಿಲ್ಲ. 2021ರ ಮೇ ತಿಂಗಳಿಂದ ತಮಿಳುನಾಡಿನ ಟೌನ್ ಬಸ್ಸುಗಳಲ್ಲಿ ಇದೇ ಕ್ರಮ. ಕಂಡಕ್ಟರು ಆಧಾರ್ ಕೇಳುವುದಿಲ್ಲ, ಯಾವ ರಾಜ್ಯದವರು ಎಂದು ವಿಚಾರಿಸುವುದಿಲ್ಲ. ಮತ್ತಿಗಿರಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಅಜ್ಜಿಗೂ ಕಳೆದ ತಿಂಗಳು ಜಾರ್ಖಂಡಿನಿಂದ ಬಂದಿಳಿದ ಹುಡುಗಿಗೂ ಒಂದೇ ನಿಯಮ. ಅದೇ ಅಜ್ಜಿ ಗಡಿಯಲ್ಲಿರುವ ಜೂಜುವಾಡಿ ದಾಟಿ, ಕರ್ನಾಟಕದ ಅತ್ತಿಬೆಲೆಯಲ್ಲಿ ಬೆಂಗಳೂರಿನ ಬಸ್ಸು ಹತ್ತಿದರೆ ಮಾತು ಬೇರೆ. 2023ರ ಜೂನ್ 11ರಂದು ಶುರುವಾದ ಕರ್ನಾಟಕದ ಶಕ್ತಿ ಯೋಜನೆಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಅಜ್ಜಿಯ ಮಾತೂ ಕನ್ನಡ, ಕಂಡಕ್ಟರನ ಮಾತೂ ಕನ್ನಡ. ಚೀಟಿಯಲ್ಲಿರುವುದು ಮಾತ್ರ ಕೃಷ್ಣಗಿರಿ ಜಿಲ್ಲೆ. ಅಜ್ಜಿ ಟಿಕೆಟ್ ಕೊಳ್ಳುತ್ತಾಳೆ.

ಎರಡು ಸರ್ಕಾರಗಳೂ ಹೆಣ್ಣುಮಕ್ಕಳಿಗೆ ಒಳ್ಳೆಯದನ್ನೇ ಬಯಸಿವೆ. ಆದರೆ ಒಂದು ಸರ್ಕಾರ, ನೀನು ಈಗ ಎಲ್ಲಿ ನಿಂತಿದ್ದೀಯ ಎಂದು ನೋಡುತ್ತದೆ. ಇನ್ನೊಂದು, ನೀನು ಎಲ್ಲಿಯವಳು ಎಂದು ಕೇಳುತ್ತದೆ. ದುಡಿಮೆ, ವಲಸೆ, ಸರ್ಕಾರದ ಹೊಣೆ ಎಂಬ ದೊಡ್ಡ ಮಾತುಗಳನ್ನೆಲ್ಲ ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲಿ ಇಟ್ಟು ನೋಡಬೇಕೆಂಬುದು ಈ ಬರಹದ ಆಶಯ. ಹಾಗೆ ನೋಡುವುದಕ್ಕೆ ಮತ್ತಿಗಿರಿಗಿಂತ ತಕ್ಕ ಜಾಗ ಸಿಗುವುದು ಕಷ್ಟ.

ಮತ್ತಿಗಿರಿಯ ಹೆಸರು ದೂರದವರಿಗೆ ಮೊದಲು ಗೊತ್ತಾದದ್ದು ಕುದುರೆಗಳಿಂದ. ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ ಕುದುರೆ ಒದಗಿಸಲು 1824ರಲ್ಲಿ ಇಲ್ಲಿ ಒಂದು ಡಿಪೋ ತೆರೆಯಿತು. ಅದೇ ಮುಂದೆ ಸರ್ಕಾರಿ ಜಾನುವಾರು ಫಾರಂ ಆಯಿತು. 1,600 ಎಕರೆಗೂ ಮಿಕ್ಕ ಆ ಹುಲ್ಲುಗಾವಲು ಇವತ್ತಿಗೂ ಊರಿನ ಪಕ್ಕದಲ್ಲಿ ಹರಡಿಕೊಂಡಿದೆ. ಅಲ್ಲಿ ಸಾಕಿದ ಹೆಸರಾಂತ ತಳಿಗಳಲ್ಲಿ ಕೆಂಪು ಸಿಂಧಿ ಹಸು ಒಂದು. ಸಿಂಧ್ ಪ್ರಾಂತದಿಂದ ಬಂದ ಹಸು ಈ ನೀರಿಗೆ, ಈ ಹುಲ್ಲಿಗೆ ಒಗ್ಗಿ ಹೊಸೂರಿನದೇ ಆಯಿತು. ಈ ಸೀಮೆಯಲ್ಲಿ ಹೊರಗಿನಿಂದ ಬಂದು ನೆಲೆ ನಿಂತದ್ದು ಹಸುವೊಂದೇ ಅಲ್ಲ. ತೆಲುಗು, ಕನ್ನಡ, ತಮಿಳು, ಉರ್ದು ಒಂದೇ ಸಂತೆಯಲ್ಲಿ ಕೇಳುವ ನೆಲ ಇದು. ಮಾರುವವಳು ಒಂದು ಭಾಷೆಯಲ್ಲಿ ಬೆಲೆ ಹೇಳಿ, ಕೊಳ್ಳುವವಳು ಇನ್ನೊಂದರಲ್ಲಿ ಚೌಕಾಸಿ ಮಾಡುವುದು ಇಲ್ಲಿ ದಿನದ ಮಾತು.

ಗಡಿ ದಾಟಿ ಹೋಗುವುದೂ ಇಲ್ಲಿಯವರಿಗೆ ಹೊಸದಲ್ಲ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ, ಹೊಸೂರಿನ ಶಾಲೆಯಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ಆಗ ಹೊಸೂರು ಇದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿ. ಮೈಸೂರು ಸಂಸ್ಥಾನದ ಕಾಲೇಜಿನಲ್ಲಿ ಓದಿದ ಅವರು ಮುಂದೆ ಭಾರತದ ಗವರ್ನರ್ ಜನರಲ್ ಆದರು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ಹೊಸೂರು ಮದ್ರಾಸಿನಲ್ಲೇ ಉಳಿಯಿತು. ನಕಾಶೆ ಹೀಗೆ ಇತ್ಯರ್ಥವಾದರೂ ಜನರ ಓಡಾಟ ನಿಲ್ಲಲಿಲ್ಲ.

ಇವತ್ತಿನ ಹೊಸೂರನ್ನು ಮಾರುಕಟ್ಟೆ ತಾನಾಗಿಯೇ ಕಟ್ಟಿತು ಎಂದು ನಂಬುವವರಿದ್ದಾರೆ. ಅದು ನಿಜವಲ್ಲ. 1970ರ ದಶಕದ ಮೊದಲಲ್ಲಿ ಹೊಸೂರು ಆಗ ಸೇರಿದ್ದ ಧರ್ಮಪುರಿ ಜಿಲ್ಲೆ ಮಳೆ ಕಡಿಮೆಯ, ಕೈಗಾರಿಕೆ ಇಲ್ಲದ ಹಿಂದುಳಿದ ಜಿಲ್ಲೆ. ತಮಿಳುನಾಡು ಸರ್ಕಾರದ ಸಿಪ್‌ಕಾಟ್ ಸಂಸ್ಥೆ ಇಲ್ಲಿ ಜಮೀನು ಹಿಡಿಯಿತು, ರಸ್ತೆ, ನೀರು, ವಿದ್ಯುತ್ತು ಒದಗಿಸಿತು. ಹಿಂದುಳಿದ ಪ್ರದೇಶಕ್ಕೆಂದು ರಿಯಾಯಿತಿಗಳೂ ಸಿಕ್ಕವು. ಅದಾದ ಮೇಲೆ ಅಶೋಕ್ ಲೇಲ್ಯಾಂಡ್ ಬಂತು, ಟಿವಿಎಸ್ ಬಂತು. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಿದ್ದದ್ದು ಹೊಸೂರಿನಿಂದ. ಟೈಟಾನ್ ವಾಚು ಕಂಪನಿ 1984ರಲ್ಲಿ ಹುಟ್ಟಿದ್ದು ಟಾಟಾ ಬಳಗ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ ಮಾಡಿದ ಪಾಲುದಾರಿಕೆಯಿಂದ. ಇವತ್ತಿಗೂ ಟೈಟಾನಿನಲ್ಲಿ ಟಿಡ್ಕೊಗೆ ಶೇ 27ಕ್ಕಿಂತ ಹೆಚ್ಚು ಪಾಲಿದೆ. ಸರ್ಕಾರ ವ್ಯಾಪಾರಕ್ಕೆ ಇಳಿಯಬಾರದು ಎಂದು ವಾದಿಸುವವರು ಬೆಂಗಳೂರಿನ ಎಚ್‌ಎಂಟಿಯನ್ನು ಬೆರಳು ಮಾಡಿ ತೋರಿಸುತ್ತಾರೆ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು 2016ರಲ್ಲಿ ತೀರ್ಮಾನವಾದದ್ದು ದಿಟ. ಆದರೆ ಟೈಟಾನ್ ಕಟ್ಟಿದ ಮೊದಲ ಎಂಜಿನಿಯರುಗಳಲ್ಲಿ ಹಲವರು ಎಚ್‌ಎಂಟಿಯಲ್ಲಿ ಕೈ ಪಳಗಿಸಿಕೊಂಡವರೇ. ಸರ್ಕಾರಿ ಕಾರ್ಖಾನೆಯಲ್ಲಿ ಕಲಿತ ವಿದ್ಯೆ ಗಡಿ ದಾಟಿ ಬಂದು, ಇನ್ನೊಂದು ಸರ್ಕಾರ ಪಾಲು ಹಾಕಿದ ಕಂಪನಿಯನ್ನು ಎತ್ತಿ ನಿಲ್ಲಿಸಿತು.

ಟೈಟಾನಿನ ಆರಂಭದ ದಿನಗಳ ಇನ್ನೊಂದು ಸಂಗತಿಯನ್ನು ವಲಸೆಯ ಬಗ್ಗೆ ಮಾತಾಡುವ ಯಾರೂ ಮರೆಯಬಾರದು. ಕಂಪನಿ ತನ್ನ ಮೊದಲ ಕೆಲಸಗಾರರಲ್ಲಿ ಬಹಳಷ್ಟು ಮಂದಿಯನ್ನು ಹಳ್ಳಿಗಳಿಂದ, ಪ್ಲಸ್ ಟೂ ಮುಗಿಸಿದ ಹುಡುಗ ಹುಡುಗಿಯರಿಂದಲೇ ಆರಿಸಿಕೊಂಡಿತು. ಊರು ಬಿಟ್ಟು ಹೊರಗೆ ಒಂದು ರಾತ್ರಿ ಕಳೆಯದ ಮಕ್ಕಳು ಅವರು. ಅವರಿಗೆ ಮನೆ ಹುಡುಕಿ, ಜೊತೆಗಿರಲು ದಂಪತಿಗಳನ್ನು ಪಾಲಕರ ಹಾಗೆ ನೇಮಿಸಿ, ಊಟ, ಆರೋಗ್ಯ, ದುಡ್ಡು ಉಳಿಸುವ ಬಗೆ ಎಲ್ಲವನ್ನೂ ಕಲಿಸುವ ಏರ್ಪಾಡಾಯಿತು. ಆ ಮಕ್ಕಳು ಕಾಯಂ ಕೆಲಸಗಾರರಾದರು, ಮನೆ ಕಟ್ಟಿಕೊಂಡರು, ಹಲವರು ಮತ್ತಿಗಿರಿಯ ಸುತ್ತಲೇ ನೆಲೆ ನಿಂತರು. ಇದೇ ಸೀಮೆಯಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ ಹೆಂಗಸರ ಗುಂಪುಗಳು ಮುಂದೆ ‘ಮೀಡೋ’ ಎಂಬ ತಮ್ಮದೇ ಕಂಪನಿ ಮಾಡಿಕೊಂಡು, ವಾಚಿನ ಬಳೆಪಟ್ಟಿ ಜೋಡಿಸುವಂಥ ಕೆಲಸ ಹಿಡಿದವು. ಕಾರ್ಖಾನೆಯ ಕೆಲಸ ಹೀಗೆ ಊರಿನ ಹೆಂಗಸರ ಕೈಗೂ ಬಂತು.

ಇದಕ್ಕಿಂತ ನೂರು ವರ್ಷ ಹಿಂದಿನ, ಎದುರು ದಿಕ್ಕಿನ ಕತೆಯೊಂದು ಕೃಷ್ಣಗಿರಿಗೆ ಬಹು ದೂರವಲ್ಲದ ಕೋಲಾರದ ಚಿನ್ನದ ಗಣಿಯಲ್ಲಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ನೆಲದಡಿಯ ಕೆಲಸಕ್ಕೆ ಸೇಲಂ, ಉತ್ತರ ಆರ್ಕಾಟ್, ಚಿತ್ತೂರು ಸೀಮೆಯಿಂದ ಬಂದವರಲ್ಲಿ ಹೆಚ್ಚಿನವರು ದಲಿತರು. ಹಳ್ಳಿಯ ಜೀತ, ಬರಗಾಲ ಅವರನ್ನು ಅತ್ತ ಅಟ್ಟಿತು. ಬಿದಿರು ತಟ್ಟಿಯ ಸಾಲುಮನೆಗಳಲ್ಲಿ ಅವರ ವಾಸ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತು ಬಂದಾಗ ಅದು ಇಡೀ ದೇಶದ ಹೆಮ್ಮೆ. ಕೆಲಸಗಾರರ ತಟ್ಟಿಮನೆಗೆ ಬೆಳಕು ಬರಲು ಮಾತ್ರ ಬಹುಕಾಲ ಹಿಡಿಯಿತು.

ಆ ಕೆಲಸಗಾರರು 1930ರಲ್ಲಿ ಮುಷ್ಕರ ಹೂಡಿದ್ದು ಯಾವುದರ ವಿರುದ್ಧ ಎಂಬುದು ಈ ಚರ್ಚೆಗೆ ಬಹಳ ಮುಖ್ಯ. ಪ್ರತಿಯೊಬ್ಬ ಕೆಲಸಗಾರನೂ ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಬೇಕೆಂಬ ಹೊಸ ನಿಯಮದ ವಿರುದ್ಧ ಅವರು ಗಣಿಗೆ ಇಳಿಯುವುದನ್ನೇ ನಿಲ್ಲಿಸಿದರು. ನೋಂದಣಿ ಯಾರಿಗೆ ಬೇಕಾಗಿದೆ, ಯಾತಕ್ಕೆ ಬೇಕಾಗಿದೆ ಎಂಬುದು ಅವರಿಗೆ ತಿಳಿದಿತ್ತು. ಒಬ್ಬನನ್ನು ಒಂದು ಗಣಿಯಿಂದ ತೆಗೆದರೆ ಇನ್ನೊಂದು ಗಣಿ ಅವನನ್ನು ಸೇರಿಸಿಕೊಳ್ಳದಂತೆ ತಡೆಯುವ ಪಟ್ಟಿ ಅದಾಗಬಹುದಿತ್ತು. ಇವತ್ತು ಇ-ಶ್ರಮ್ ಪೋರ್ಟಲಿನಲ್ಲಿ 30 ಕೋಟಿಗೂ ಹೆಚ್ಚು ಅಸಂಘಟಿತ ಕಾರ್ಮಿಕರ ಹೆಸರಿದೆ. ಹೆಸರು ಬರೆಸಿಕೊಂಡವರಿಗೆ ಅದರಿಂದ ಏನು ದಕ್ಕಿತು ಎಂದು ಕೇಳುವಾಗ ಆ ಗಣಿ ಕಾರ್ಮಿಕರ ಅನುಮಾನ ನೆನಪಾಗಬೇಕು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಲ್ಲಿಗೆ ದುಡಿಯಲು ಬಂದವರ ಮೊಮ್ಮಕ್ಕಳು ಈಗ ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಈಗ ಕೃಷ್ಣಗಿರಿ ಜಿಲ್ಲೆಗೆ ಬರುವವರು ಇನ್ನೂ ದೂರದವರು. ಹೊಸೂರಿನ ಸುತ್ತಲ ಪಾಲಿಹೌಸುಗಳಲ್ಲಿ ಗುಲಾಬಿ ಕೊಯ್ಯುವವರಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಮಿನವರಿದ್ದಾರೆ. ಫೆಬ್ರುವರಿ 14ರ ಪ್ರೇಮಿಗಳ ದಿನಕ್ಕೆಂದು ವಿಮಾನ ಹತ್ತುವ ಹೂವಿನ ಕಟ್ಟುಗಳಿಗೆ ಹಗಲಿರುಳು ದುಡಿಯುವ ಕೈಗಳು ಅವು. ಪೋಚಂಪಳ್ಳಿಯಲ್ಲಿ ಸ್ಕೂಟರ್ ಕಾರ್ಖಾನೆ ಕಟ್ಟಿದ ಓಲಾ, 10,000 ಹೆಂಗಸರೇ ಅದನ್ನು ನಡೆಸುತ್ತಾರೆ ಎಂದು 2021ರಲ್ಲಿ ಘೋಷಿಸಿತು. ಕೆಲಮಂಗಲ, ಡೆಂಕಣಿಕೋಟೆ ಕಡೆ ಐಫೋನಿನ ಬಿಡಿಭಾಗ ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್ ಎದ್ದಿತು. ಅಲ್ಲಿ 60,000 ಮಂದಿಗೆ ಕೆಲಸ ಸಿಗಲಿದೆ, ಮೊದಲಿಗೆ ರಾಂಚಿ, ಹಜಾರಿಬಾಗ್ ಸುತ್ತಲಿನ 6,000 ಆದಿವಾಸಿ ಹೆಣ್ಣುಮಕ್ಕಳಿಗೆ ತರಬೇತಿ ಆಗಿದೆ ಎಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ 2022ರ ನವೆಂಬರಿನಲ್ಲಿ ಹೇಳಿದರು. ಹನ್ನೆರಡನೇ ತರಗತಿ ಮುಗಿಸಿದ, ಹದಿನೆಂಟು ಹತ್ತೊಂಬತ್ತರ ಹುಡುಗಿಯರು. ರೈಲಿನಲ್ಲಿ ಎರಡು ದಿನದ ಹಾದಿ.

ಊರಿನವರ ದೂರು ಇಲ್ಲಿಂದ ಶುರುವಾಗುತ್ತದೆ. ಜಮೀನು ನಮ್ಮದು, ನೀರು ನಮ್ಮದು, ರಸ್ತೆಯ ಧೂಳೂ ನಮ್ಮ ಪಾಲಿಗೆ. ‘ಕಂಪ್ನಿ ಕೆಲಸ’ ಮಾತ್ರ ಹೊರಗಿನವರಿಗೆ. ಈ ಮಾತನ್ನು ತಳಿ ಎಂಬ ಊರಿನಲ್ಲೂ ಕೇಳಬಹುದು, ಗಡಿಯಾಚೆ ಜಿಗಣಿ, ಬೊಮ್ಮಸಂದ್ರದಲ್ಲೂ ಕೇಳಬಹುದು. ದೂರು ಸುಳ್ಳಲ್ಲ. ಸುಳ್ಳಾಗುವುದು ಅದಕ್ಕೆ ಸರ್ಕಾರಗಳು ಕಂಡುಕೊಳ್ಳುವ ಮದ್ದು.

2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿದ ಮಸೂದೆಯನ್ನೇ ನೋಡಬಹುದು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ. ಸ್ಥಳೀಯರು ಎಂದರೆ ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ನೆಲೆಸಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು. ಉದ್ಯಮಿಗಳ ವಿರೋಧ ಎದ್ದು, ಮಂಡನೆಗೆ ಮುನ್ನವೇ ಅದನ್ನು ತಡೆಹಿಡಿದರು. ಹರಿಯಾಣದ ಶೇ 75ರ ಕಾಯ್ದೆಯನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದು ಮಾಡಿತ್ತು. ತಮಿಳುನಾಡಿನಲ್ಲೂ ಡಿಎಂಕೆ 2021ರ ಪ್ರಣಾಳಿಕೆಯಲ್ಲಿ ಶೇ 75ರ ಭರವಸೆ ಕೊಟ್ಟಿತ್ತು.

ಮತ್ತಿಗಿರಿಯ ಕನ್ನಡ ಮನೆಯ ಹುಡುಗಿಯನ್ನು ಈ ಅಳತೆಗೋಲುಗಳ ಮುಂದೆ ನಿಲ್ಲಿಸಿ ನೋಡಿದರೆ ಅವುಗಳ ವಕ್ರತೆ ತಾನಾಗಿ ಕಾಣುತ್ತದೆ. ಅವಳಿಗೆ ಕನ್ನಡ ಬರುತ್ತದೆ, ಆದರೆ ಅವಳು ಹುಟ್ಟಿದ್ದು ಕರ್ನಾಟಕದಲ್ಲಲ್ಲ. ಹೀಗಾಗಿ ಬೊಮ್ಮಸಂದ್ರದಲ್ಲಿ ಅವಳು ಹೊರಗಿನವಳು. ತಮಿಳುನಾಡಿನಲ್ಲಿ ಹುಟ್ಟಿದ್ದಾಳೆ, ಆದರೆ 2006ರ ತಮಿಳು ಕಲಿಕೆ ಕಾಯ್ದೆ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿದೆ. 2021ರ ಡಿಸೆಂಬರಿನ ಆದೇಶದಂತೆ ಸರ್ಕಾರಿ ಕೆಲಸದ ಪರೀಕ್ಷೆಯಲ್ಲಿ ತಮಿಳು ಪತ್ರಿಕೆ ಪಾಸಾಗಲೇಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳಿಗೆ ಅದು ಎತ್ತರದ ಹೊಸ್ತಿಲು. ಎರಡು ನಾಡುಗಳ ನಡುವೆ ಹುಟ್ಟಿದವಳಿಗೆ ಎರಡು ಕಡೆಯೂ ಅರ್ಧ ಬಾಗಿಲು. ಇರುವ ಊರಿನ ಭಾಷೆ ಕಲಿಯಬೇಕು ಎಂಬುದರಲ್ಲಿ ಅನುಮಾನವಿಲ್ಲ. ತಮಿಳು ಕಲಿತ ಕನ್ನಡಿಗನಿಗೂ ಕನ್ನಡ ಕಲಿತ ಬಿಹಾರಿಗೂ ಅದರಿಂದ ಲಾಭವೇ. ಆದರೆ ಕಲಿಸುವ ಹೊಣೆ ಹೊರದ ಸರ್ಕಾರ ಪರೀಕ್ಷೆ ಮಾತ್ರ ಇಡುವುದು ನ್ಯಾಯವಲ್ಲ.

ಕಂಪನಿಗಳು ದೂರದವರನ್ನೇ ಯಾಕೆ ಬಯಸುತ್ತವೆ? ಸ್ಥಳೀಯರಿಗೆ ಕೌಶಲ ಇಲ್ಲ ಎಂಬುದು ಸಿದ್ಧ ಉತ್ತರ. ಹನ್ನೆರಡನೇ ತರಗತಿ ಮುಗಿಸಿದ ಹುಡುಗಿಯರಿಗೆ ಕೆಲವು ವಾರದ ತರಬೇತಿ ಕೊಟ್ಟು ಸಾಲಿನಲ್ಲಿ ನಿಲ್ಲಿಸುವ ಕೆಲಸಕ್ಕೆ ಈ ಉತ್ತರ ಸಾಲದು. ಊರಿನವನಿಗೆ ಜಾತ್ರೆ ಇದೆ, ಹೊಲದಲ್ಲಿ ರಾಗಿ ಕೊಯ್ಲು ಇದೆ, ಮನೆಯಲ್ಲಿ ಅನ್ನ ಇದೆ. ಸಿಟ್ಟು ಬಂದರೆ ಅವನು ಸಂಘ ಕಟ್ಟಬಲ್ಲ, ಕೆಲಸ ಬಿಡಬಲ್ಲ. ಹಾಸ್ಟೆಲಿನಲ್ಲಿರುವ ಹುಡುಗಿಗೆ ಕೆಲಸ ಹೋದರೆ ಅದೇ ದಿನ ಮಂಚವೂ ಹೋಗುತ್ತದೆ. ಪಾಳಿ ಮುಗಿದ ಮೇಲೂ ಅವಳು ಕಂಪನಿಯ ಗೇಟಿನೊಳಗೇ ಇರುತ್ತಾಳೆ. ಮಾಲೀಕನಿಗೆ ಲಾಭ ತರುವುದು ಅವಳ ಈ ಅಸಹಾಯಕತೆ. ಮೀಸಲಾತಿಯ ಶೇಕಡಾವಾರು ಲೆಕ್ಕ ಇದನ್ನು ಮುಟ್ಟುವುದೇ ಇಲ್ಲ. ಜಾರ್ಖಂಡಿನ ಹುಡುಗಿಗೆ ಊರಿನವಳಷ್ಟೇ ಕೂಲಿ, ಅಷ್ಟೇ ರಜೆ, ಅಷ್ಟೇ ಸಂಘದ ಹಕ್ಕು ಸಿಕ್ಕ ದಿನ, ಅವಳನ್ನು ಎರಡು ದಿನದ ಹಾದಿಯಿಂದ ಕರೆತರುವ ಆಮಿಷವೇ ಕುಂದುತ್ತದೆ. ಆದ್ದರಿಂದ ಸ್ಥಳೀಯರ ಕೆಲಸ ಉಳಿಯಬೇಕೆಂದು ನಿಜವಾಗಿ ಬಯಸುವವರು ಹೊರಗಿನಿಂದ ಬಂದವರ ಹಕ್ಕಿಗಾಗಿ ಮೊದಲು ನಿಲ್ಲಬೇಕು.

ಇದು ಬರೀ ಆದರ್ಶದ ಮಾತಲ್ಲ. ಎರಡನೇ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯಿಂದ, 1961ರಲ್ಲಿ ಟರ್ಕಿಯಿಂದ ‘ಅತಿಥಿ ಕಾರ್ಮಿಕರನ್ನು’ ಕರೆಸಿಕೊಂಡಿತು. ಅಲ್ಲಿನ ಕಾರ್ಮಿಕ ಸಂಘಗಳು ಬರುವವರಿಗೆ ಜರ್ಮನರಷ್ಟೇ ಕೂಲಿ ಇರಬೇಕೆಂದು ಪಟ್ಟು ಹಿಡಿದವು. ಅಗ್ಗದ ಕೈ ಬಂದರೆ ತಮ್ಮ ಕೂಲಿಯೂ ಇಳಿಯುತ್ತದೆ ಎಂಬ ಲೆಕ್ಕ ಅವರದು, ಸರಿಯಾದ ಲೆಕ್ಕ. ಜರ್ಮನಿ ಎಡವಿದ್ದು ಬೇರೆ ಕಡೆ. ಬಂದವರು ಕೆಲವೇ ವರ್ಷ ಇದ್ದು ಹೋಗುತ್ತಾರೆ ಎಂದು ನಂಬಿ, ಭಾಷೆ ಕಲಿಸುವುದಕ್ಕೆ, ಮಕ್ಕಳ ಶಾಲೆಗೆ ಗಮನ ಕೊಡಲಿಲ್ಲ. 1973ರಲ್ಲಿ ಹೊಸ ನೇಮಕಾತಿ ನಿಲ್ಲಿಸಿದಾಗ, ಒಮ್ಮೆ ಹೋದರೆ ಮತ್ತೆ ಬರಲಾಗದೆಂದು ಹೆದರಿದವರು ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಆ ಉದಾಸೀನದ ಬೆಲೆಯನ್ನು ಮುಂದಿನ ತಲೆಮಾರುಗಳು ತೆತ್ತವು. ಹಾಸ್ಟೆಲು ಕಟ್ಟಿದರೆ ಸಾಕು, ಶಾಲೆ ಬೇಡ ಎಂದುಕೊಂಡಿರುವ ನಮ್ಮ ಕೈಗಾರಿಕಾ ವಲಯಗಳು ಅದೇ ತಪ್ಪಿನ ಹೊಸ್ತಿಲಲ್ಲಿವೆ.

ಭಾರತದಲ್ಲಿ ಕಾನೂನು ಇರಲಿಲ್ಲವೆಂದಲ್ಲ. ಒಡಿಶಾದ ‘ದಾದನ್’ ಕಾರ್ಮಿಕರನ್ನು ಮೇಸ್ತ್ರಿಗಳು ಮುಂಗಡ ಕೊಟ್ಟು ಸಾಗಿಸುತ್ತಿದ್ದ ಪರಿ ನೋಡಿ, 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಗುತ್ತಿಗೆದಾರನಿಗೆ ಲೈಸೆನ್ಸು ಬೇಕು, ವಾಸಕ್ಕೆ ತಕ್ಕ ಮನೆ ಕೊಡಬೇಕು, ಊರು ಬಿಟ್ಟು ಬಂದದ್ದಕ್ಕೆ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ ಕೊಡಬೇಕು ಎಂದೆಲ್ಲ ಅದರಲ್ಲಿತ್ತು. ಬಹುಪಾಲು ಕಾಗದದಲ್ಲೇ ಉಳಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ, ಮೇಸ್ತ್ರಿ ಇಲ್ಲದೆ ತಾನಾಗಿ ಬಂದವನನ್ನೂ ವಲಸೆ ಕಾರ್ಮಿಕ ಎಂದು ಒಪ್ಪಿಕೊಂಡಿದೆ. ಇದು ಒಳ್ಳೆಯ ಹೆಜ್ಜೆ. ಆದರೆ ಸ್ಥಳಾಂತರ ಭತ್ಯೆ ಬಿಟ್ಟುಹೋಗಿದೆ, ಮತ್ತು ಹಿಂದೆ ಐವರು ವಲಸಿಗರಿದ್ದ ಕಡೆ ಅನ್ವಯಿಸುತ್ತಿದ್ದ ಕಾನೂನು ಈಗ ಹತ್ತು ಮಂದಿ ಇದ್ದರೆ ಮಾತ್ರ ಅನ್ವಯಿಸುತ್ತದೆ. ಎಂಟು ಮಂದಿ ದುಡಿಯುವ ಪಾಲಿಹೌಸು ಲೆಕ್ಕದಿಂದ ಹೊರಗೆ.

ಸರ್ಕಾರ ಯಾರ ಪರ ನಿಲ್ಲುತ್ತದೆ ಎಂಬುದು 2020ರ ಕೋವಿಡ್ ಲಾಕ್‌ಡೌನಿನಲ್ಲಿ ಬಯಲಾಯಿತು. ಮೇ 5ರಂದು ಕರ್ನಾಟಕ ಸರ್ಕಾರ, ಕಟ್ಟಡ ನಿರ್ಮಾಣ ಸಂಸ್ಥೆಗಳವರ ಜೊತೆ ಮುಖ್ಯಮಂತ್ರಿ ಮಾತಾಡಿದ ಬೆನ್ನಿಗೆ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳನ್ನು ನಿಲ್ಲಿಸುವಂತೆ ರೈಲ್ವೆಗೆ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ರೈಲುಗಳು ಮತ್ತೆ ಹೊರಟವು. ದುಡಿಯುವವನು ಕಟ್ಟಡದ ಇಟ್ಟಿಗೆಯಂತೆ ಇಟ್ಟಲ್ಲೇ ಇರಬೇಕೆಂದು ಚುನಾಯಿತ ಸರ್ಕಾರವೊಂದು ಕೆಲವು ದಿನವಾದರೂ ಭಾವಿಸಿತೆಂಬುದು ಕನ್ನಡಿಗರು ಮರೆಯಬಾರದ ಸಂಗತಿ. ಆ ದಿನಗಳಲ್ಲಿ ಜೂಜುವಾಡಿಯ ಗಡಿಯಲ್ಲೂ ಇ-ಪಾಸ್ ಇಲ್ಲದೆ ಹೊಸೂರಿನವರು ಬೆಂಗಳೂರಿನ ಕೆಲಸಕ್ಕೆ ಹೋಗಲಾಗಲಿಲ್ಲ. ಊರಿಗೆ ಮರಳುವ ಹಾದಿಯಲ್ಲಿ ಸತ್ತವರೆಷ್ಟು ಎಂದು ಆ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಕೇಳಿದಾಗ, ಅಂಥ ಲೆಕ್ಕ ಇಟ್ಟಿಲ್ಲ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ ಉತ್ತರಿಸಿತು.

ಜಿಎಸ್‌ಟಿ ಬಂದ 2017ರ ಜುಲೈ ನಂತರ ಲಾರಿಗಳು ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನಲ್ಲಿ ಸಾಲು ನಿಲ್ಲುವುದು ತಪ್ಪಿತು. ಸರಕು ನೇರ ಹೋಗುತ್ತದೆ. ಕಾರ್ಮಿಕನ ಹಕ್ಕು ಹಾಗೆ ಹೋಗುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳು ರಾಜ್ಯಕ್ಕೊಂದು. ಯಾದಗಿರಿಯಿಂದ ಗುಳೆ ಬಂದು ಆನೇಕಲ್ಲಿನಲ್ಲಿ ನೋಂದಾಯಿಸಿಕೊಂಡ ಗಾರೆಯವನು, ಮುಂದಿನ ಕೆಲಸಕ್ಕೆ ಹೊಸೂರಿಗೆ ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಒಂದು ದೇಶ ಒಂದು ಪಡಿತರ ಚೀಟಿ ತಮಿಳುನಾಡಿಗೆ 2020ರ ಅಕ್ಟೋಬರಿನಲ್ಲಿ ಬಂತಾದರೂ, ಅದರಲ್ಲಿ ಸಿಗುವುದು ಕೇಂದ್ರದ ಪಾಲಿನ ಧಾನ್ಯ ಮಾತ್ರ. ಇಷ್ಟರ ನಡುವೆ ಸರಿಯಾದ ದಾರಿ ತೋರುವ ಉದಾಹರಣೆಗಳೂ ಇವೆ. ಭವಿಷ್ಯ ನಿಧಿಯ ಖಾತೆ ಸಂಖ್ಯೆ ಕಾರ್ಮಿಕನ ಜೊತೆಗೇ ಓಡಾಡುತ್ತದೆ. 2022ರಲ್ಲಿ ಶುರುವಾದ ತಮಿಳುನಾಡಿನ ಬೆಳಗಿನ ಉಪಾಹಾರ ಯೋಜನೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗೆ ಬಂದ ಮಗು ಎಲ್ಲಿಯದಾದರೂ ಉಣ್ಣುತ್ತದೆ.

ದುಡಿಯಲು ಹೊರನಾಡಿಗೆ ಹೋಗುವವರಲ್ಲಿ ಕನ್ನಡಿಗರೂ ಇದ್ದಾರೆ. ವಿಜಯಪುರದ ಕಬ್ಬು ಕಡಿಯುವವರು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಗೋವಾದ ಬೈನಾ ಕಡಲತೀರದಲ್ಲಿ 2017ರಲ್ಲಿ ಕನ್ನಡಿಗ ಕೂಲಿಕಾರರ ಮನೆಗಳು ನೆಲಸಮವಾದವು. ಅಲ್ಲಿ ಹೊರಗಿನವರಾದ ಕನ್ನಡಿಗರಿಗಾಗಿ ಮರುಗುವವರು, ಇಲ್ಲಿ ಬಂದಿರುವ ಜಾರ್ಖಂಡಿನ, ಬಿಹಾರದ ಮಕ್ಕಳನ್ನು ಬೇರೆ ಕಣ್ಣಿನಿಂದ ನೋಡಲಾಗದು. 2023ರ ಮಾರ್ಚಿನಲ್ಲಿ ತಮಿಳುನಾಡಿನಲ್ಲಿ ಬಿಹಾರಿಗಳನ್ನು ಕೊಲ್ಲುತ್ತಿದ್ದಾರೆ ಎಂಬ ಸುಳ್ಳು ವಿಡಿಯೋಗಳು ಹರಡಿ, ಹೆದರಿದ ಕೆಲಸಗಾರರು ರೈಲು ಹತ್ತಿದರು. ಊರಿನವರಿಗೂ ಅವರಿಗೂ ನಡುವೆ ನಾಲ್ಕು ಮಾತಿನ ಪರಿಚಯವಿದ್ದಿದ್ದರೆ ಆ ಸುಳ್ಳು ಅಷ್ಟು ದೂರ ಓಡುತ್ತಿರಲಿಲ್ಲ.

ಕರ್ನಾಟಕ ಮತ್ತು ತಮಿಳುನಾಡು ಸರ್ಕಾರಗಳು ಕಾವೇರಿಯ ವಿಷಯದಲ್ಲಿ ಎಷ್ಟು ಬೇಕಾದರೂ ವಾದಿಸಲಿ. ಹೊಸೂರು–ಆನೇಕಲ್ ಗಡಿಯಲ್ಲಿ ಎರಡೂ ಕಾರ್ಮಿಕ ಇಲಾಖೆಗಳು ಸೇರಿ ನಡೆಸುವ ಒಂದು ಕಚೇರಿ ತೆರೆಯುವುದಕ್ಕೆ ಅದು ಅಡ್ಡಿಯಲ್ಲ. ಒಂದು ಕಡೆಯ ಕಲ್ಯಾಣ ಮಂಡಳಿಯ ನೋಂದಣಿ ಇನ್ನೊಂದು ಕಡೆ ನಡೆಯಲಿ. ಹಾಸ್ಟೆಲುಗಳ ತಪಾಸಣೆ ನಡೆದು ವರದಿ ಎಲ್ಲರೂ ಓದುವಂತಾಗಲಿ. ಗಡಿ ಶಾಲೆಗಳಲ್ಲಿ ಕನ್ನಡದ ಮಕ್ಕಳಿಗೆ ತಮಿಳನ್ನು, ಹಿಂದಿಯ ಮಕ್ಕಳಿಗೆ ಎರಡನ್ನೂ ಕಲಿಸುವ ಮೇಷ್ಟ್ರುಗಳನ್ನು ಮೊದಲು ನೇಮಿಸಿ, ಪರೀಕ್ಷೆ ಆಮೇಲೆ ಇಡಲಿ.

ಓದುಗರಿಗೂ ಒಂದು ಕೆಲಸವಿದೆ. 2011ರ ನಂತರ ದೇಶದಲ್ಲಿ ಜನಗಣತಿ ಆಗಿಲ್ಲ; ಮತ್ತಿಗಿರಿ, ಜೂಜುವಾಡಿಗಳು ಹೊಸೂರಿನೊಳಗೆ ಸೇರಿ, 2019ರಲ್ಲಿ ಅದು ಮಹಾನಗರ ಪಾಲಿಕೆಯಾದ ಮೇಲೆ ಇಲ್ಲಿ ಯಾರಿದ್ದಾರೆ ಎಂಬ ನಿಖರ ಲೆಕ್ಕ ಯಾವ ಕಚೇರಿಯಲ್ಲೂ ಇಲ್ಲ. ಹೊಸ ಗಣತಿ 2027ಕ್ಕೆ ನಿಗದಿಯಾಗಿದೆ. ಗಣತಿದಾರರು ಮನೆಗೆ ಬಂದ ದಿನ, ಮತ್ತಿಗಿರಿಯ ಕನ್ನಡದ ಮನೆಯವರು ತಮ್ಮ ಮಾತೃಭಾಷೆಯನ್ನು ಸಂಕೋಚವಿಲ್ಲದೆ ಬರೆಸಬೇಕು. ಜೊತೆಗೆ ತಮ್ಮ ಮಹಡಿಯ ಮೇಲಿನ ಬಾಡಿಗೆ ಕೋಣೆಯ ಬಾಗಿಲನ್ನೂ ತೋರಿಸಿ, ಪಾಳಿ ಮುಗಿಸಿ ಮಲಗಿರುವ ಹುಡುಗರನ್ನು ಎಬ್ಬಿಸಿ, ಅವರ ಹೆಸರು, ಊರು, ಭಾಷೆಯೂ ದಾಖಲಾಗುವಂತೆ ನೋಡಿಕೊಳ್ಳಬೇಕು.